ಊರ ಗೋಡೆಯ ಡಾಕ್ಟರು

ಫೋಟೋ ಕಟ್ಟಿನಂಗಡಿಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ. ನೀನೂ ಅಳಿಯಂದಿರೂ ಸುಖವಾಗಿದ್ದೀರಿ ಎಂಬುದು ನಿನ್ನ ಕಾಗದ ಓದುವಾಗಲೇ ತಿಳಿಯಿತು. ಮನೆಯ ವಿಷಯ ಎರಡೇ ಸಾಲು, ಉಳಿದ ಮೂರು ಪುಟವೂ ನಿನ್ನ ತರಗತಿಯ ಮಕ್ಕಳ ಮೇಲಿನ ಸಿಟ್ಟು.

ಆದರ್ಶ ವ್ಯಕ್ತಿಯ ಬಗ್ಗೆ ಪ್ರಬಂಧ ಬರೆಸಿದೆಯಂತೆ. ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತಾರು ಜನ ಒಬ್ಬನೇ ಸಿನಿಮಾ ನಟನ ಮೇಲೆ ಬರೆದರಂತೆ, ಅದೂ ಅವನ ಹೊಡೆದಾಟದ ಮೇಲೆ. ಜನ ಯಾರನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೋ ಅದರಿಂದಲೇ ಅವರ ಬಣ್ಣ ಬಯಲಾಗುತ್ತದೆ, ಅಲ್ಲವೇ ಅಮ್ಮ ಎಂದು ಕೇಳಿದ್ದೀಯ. ಅಷ್ಟಕ್ಕೇ ನಿಲ್ಲಿಸಿದ್ದರೆ ಹೂಂ ಎಂದು ಬರೆದು ಮುಗಿಸುತ್ತಿದ್ದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀಯ: ಊರಿಗೆಲ್ಲ ಡಾಕ್ಟರ ಫೋಟೋಗೆ ಕಟ್ಟು ಹಾಕಿಕೊಟ್ಟವಳು, ಅಪ್ಪನದು ಒಂದನ್ನೂ ಯಾಕೆ ಗೋಡೆಗೆ ಹಾಕಲಿಲ್ಲ?

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಈಗ ಅಂಗಡಿಯಲ್ಲಿ ಯಾರೂ ಇಲ್ಲ. ಗೋಡೆಗೆ ಒರಗಿಸಿಟ್ಟ ಗಾಜುಗಳೊಳಗೆ ಬೀದಿ ನಡೆಯುತ್ತಿದೆ. ಒಂದು ಗಾಜಿನಲ್ಲಿ ಸೈಕಲ್ಲಿನವನು ಮಾಯವಾಗುತ್ತಾನೆ, ಪಕ್ಕದ್ದರಲ್ಲಿ ಹುಟ್ಟಿಕೊಳ್ಳುತ್ತಾನೆ. ಈ ಹೊತ್ತಿನಲ್ಲಿ ಇಲ್ಲಿ ಕೂತರೆ ಇಂದು ಯಾವುದು, ಅಂದು ಯಾವುದು ಎಂದೇ ತಿಳಿಯುವುದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಜ್ವರ ಬಂದ ವರ್ಷ ನಿನಗೆ ಏಳು ತಿಂಗಳು. ಮೊದಲ ವಾರದಲ್ಲಿ ಅದು ಬರಿ ಸುದ್ದಿ. ಎರಡನೇ ವಾರದಲ್ಲಿ ಎದುರುಮನೆ. ಆಮೇಲೆ ಊರು ನೀರಿನಡಿಯಲ್ಲಿ ಮುಳುಗಿದ ಹಾಗಾಯಿತು; ಸದ್ದೆಲ್ಲ ದೂರದಿಂದ ಬರುತ್ತಿತ್ತು. ಅಂಗಡಿಗಳ ಷಟರು ಇಳಿದಿತ್ತು. ಬಸ್‌ಸ್ಟ್ಯಾಂಡಿನ ಗಡಿಯಾರ ಮೂರೂವರೆಗೆ ನಿಂತದ್ದನ್ನು ಯಾರೂ ಸರಿಮಾಡಲಿಲ್ಲ. ನಾನು ಕಿಟಕಿಯಲ್ಲಿ ನಿನ್ನನ್ನು ಎತ್ತಿಕೊಂಡು ನಿಲ್ಲುತ್ತಿದ್ದೆ. ಖಾಲಿ ಬೀದಿಯಲ್ಲಿ ಬಿಸಿಲು ತಾನೊಬ್ಬನೇ ಯಜಮಾನ ಎಂಬಂತೆ ಓಡಾಡಿಕೊಂಡಿತ್ತು.

ನಿಮ್ಮಪ್ಪ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದರು, ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು, ಆ ದಿನಗಳಲ್ಲಿ ಅಲ್ಲಿ ಉಳಿದವರು ಒಟ್ಟು ಮೂವರೇ ಎಂಬುದು. ಇಬ್ಬರು ನರ್ಸಮ್ಮಂದಿರು, ಮತ್ತು ಅವರು. ದೊಡ್ಡ ಹಂಡೆಗಳಲ್ಲಿ ನೀರು ಕುದಿಸಿ ಹಾಸಿಗೆಬಟ್ಟೆ ಒಗೆಯುವುದು ಅವರ ಕೆಲಸ. ಆದರೆ ಎತ್ತಿ ಮಲಗಿಸುವವರು ಇಲ್ಲದಾಗ ಎತ್ತಿದರು. ನೀರು ಕುಡಿಸುವವರು ಇಲ್ಲದಾಗ ಕುಡಿಸಿದರು. ತೀರಿಹೋದವರ ಬಾಯಿ ಮುಚ್ಚಿ, ಕೈ ಜೋಡಿಸಿ, ತಾವೇ ಒಗೆದ ಬಿಳಿ ಬಟ್ಟೆ ಹೊದಿಸಿದರು. ಆಸ್ಪತ್ರೆಯ ಹಿಂದಿನ ಬಯಲಲ್ಲಿ ಹಗ್ಗದ ಮೇಲೆ ಬಿಳಿ ಬಟ್ಟೆಗಳ ಸಾಲು ದಿನದಿನಕ್ಕೆ ಉದ್ದವಾಗುತ್ತಿದ್ದದ್ದು ನಮ್ಮ ಕಿಟಕಿಗೂ ಕಾಣುತ್ತಿತ್ತು. ಗಾಳಿ ಬಂದರೆ ಅದೆಲ್ಲ ಒಟ್ಟಿಗೆ ಏಳುತ್ತಿತ್ತು. ಹಾರಿಹೋಗುತ್ತದೆ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಇಳಿಯುತ್ತಿತ್ತು.

ಮೆಡಿಕಲ್ ಶಾಪಿಗೆಂದು ಒಮ್ಮೊಮ್ಮೆ ನಿಮ್ಮಪ್ಪ ಬೀದಿಗೆ ಬರುತ್ತಿದ್ದರು. ಆಗ ಕಿಟಕಿಗಳು ಒಂದರ ಹಿಂದೊಂದು ಮುಚ್ಚಿಕೊಳ್ಳುತ್ತಿದ್ದವು, ಯಾರೋ ಪಿಯಾನೋದ ಮೇಲೆ ಬೆರಳು ಎಳೆದ ಹಾಗೆ. ನಿನ್ನನ್ನು ಎತ್ತಿ ಆಡಿಸಿದ ಟೈಲರ್ ಅಕ್ಕನ ಕಿಟಕಿಯೂ ಮುಚ್ಚಿತು. ಅವಳನ್ನು ಬೈಯಬೇಡ. ಅವಳಿಗೂ ಇಬ್ಬರು ಮಕ್ಕಳು.

ಡಾಕ್ಟರು ಊರಲ್ಲಿ ಜ್ವರ ಕಾಣಿಸಿದ ಎರಡನೇ ದಿನವೇ ಊರು ಬಿಟ್ಟಿದ್ದರು. ಹೆಂಡತಿಯನ್ನು ತವರಿಗೆ ಬಿಟ್ಟು ಬರುತ್ತೇನೆ ಎಂದು ಹೋದವರು ನಲವತ್ತನೇ ದಿನ ಬಂದರು. ಅಷ್ಟರಲ್ಲಿ ಜ್ವರ ಇಳಿದಿತ್ತು. ಅವತ್ತೇ ಪತ್ರಿಕೆಯವನೂ ಬಂದಿದ್ದ. ಆಸ್ಪತ್ರೆಯ ಗೇಟಿನಲ್ಲಿ, ಬಿಳಿ ಕೋಟಿನಲ್ಲಿ, ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಡಾಕ್ಟರ ಫೋಟೋ ತೆಗೆದ. ಎಷ್ಟು ಚೆಂದ ಬಂದಿತ್ತು ಅನ್ನುತ್ತೀ! ನಿದ್ದೆಗೆಟ್ಟು ಜನರನ್ನು ಕಾಪಾಡಿದವನ ಮುಖ ಹೇಗಿರಬೇಕೋ ಹಾಗೆಯೇ ಇತ್ತು. ನಿದ್ದೆ ಕೆಟ್ಟದ್ದು ನಿಜವೇ ಇರಬೇಕು, ಬೇರೆ ಕಾರಣಕ್ಕೆ.

ಆ ಫೋಟೋ ಊರಿನ ಹುಚ್ಚಾಯಿತು. ಮೊದಲು ಕ್ಷೌರದಂಗಡಿಯವನು ಅದರದೊಂದು ಪ್ರತಿಯನ್ನು ಕಟ್ಟು ಹಾಕಿಸಲು ತಂದ. ಆಮೇಲೆ ಬೇಕರಿ, ಶಾಲೆ, ಅಂಚೆ ಕಚೇರಿ, ಮನೆಮನೆ. ನಿನ್ನ ತಾತನ ಕಾಲದಿಂದಲೂ ಈ ಅಂಗಡಿಯಲ್ಲಿ ಒಂದೇ ಮುಖಕ್ಕೆ ಅಷ್ಟು ಕಟ್ಟು ಹಾಕಿದ್ದಿಲ್ಲ. ಗಾಜು ಕತ್ತರಿಸಿ ಕತ್ತರಿಸಿ ನನ್ನ ಹೆಬ್ಬೆರಳು ಮರಗಟ್ಟಿತ್ತು. ಒಂದು ದಿನ ತಡೆಯಲಾರದೆ ಕ್ಷೌರದಂಗಡಿಯವನನ್ನು ಕೇಳಿಯೇಬಿಟ್ಟೆ, ಅವರು ಇಲ್ಲಿರಲಿಲ್ಲ ಎಂದು ನಿಮಗೆ ಗೊತ್ತಿಲ್ಲವಾ ಎಂದು. ಅವನು ಕೈಯಲ್ಲಿದ್ದ ಫೋಟೋವನ್ನೇ ನೋಡುತ್ತ ಹೇಳಿದ:

"ಗೊತ್ತಿಲ್ದೆ ಏನಮ್ಮ, ಊರಿಗೆಲ್ಲ ಗೊತ್ತು. ನಿಮ್ಮ ಯಜಮಾನ್ರ ಫೋಟೋ ಹಾಕ್ಬೇಕು, ನ್ಯಾಯ ಅದೇ. ಆದ್ರೆ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗ್ದು ಅವ್ರ ಮುಖ ನೋಡೋಕೆ ನನ್ನ ಕೈಲಾಗಲ್ಲ. ಇವ್ರಾದ್ರೆ ನಮ್ಮ ಹಾಗೇನೇ. ಹೆದ್ರಿ ಹೋದ್ರು, ಆಮೇಲೆ ಬಂದ್ರು."

ನಾನು ಆ ಮಾತನ್ನು ಬಹಳ ದಿನ ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಡಾಕ್ಟರೇ ಅಂಗಡಿಗೆ ಬಂದರು. ಒಂದೊಂದು ಗಾಜಿನಲ್ಲೂ ಅವರೇ. ಹತ್ತು ಜನ ಡಾಕ್ಟರು ಒಟ್ಟಿಗೆ ಒಳಗೆ ಬಂದ ಹಾಗಾಯಿತು. ಮೇಜಿನ ಮೇಲೆ ಅವರ ಫೋಟೋಗಳೇ ಹರಡಿದ್ದವು, ಮುಚ್ಚಿಡಲೂ ಆಗಲಿಲ್ಲ. ಸ್ಟೂಲಿನ ಮೇಲೆ ಕೂತು ಮೆತ್ತಗೆ ಹೇಳಿದರು:

"ಇದನ್ನ ನಿಲ್ಲಿಸಿಬಿಡಿ ಅಮ್ಮ. ನಾನು ಓಡಿಹೋದವನು. ಫೋಟೋ ತೆಗೀವಾಗ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಬೇಕರಿಗೆ ಹೋದರೆ ನಾನೇ ನನ್ನನ್ನ ನೋಡ್ತಿರ್ತೀನಿ. ಬ್ರೆಡ್ ತಗೊಳ್ಳದೆ ವಾಪಸ್ ಬರ್ತೀನಿ."

ಊರಿಗೆಲ್ಲ ಗೊತ್ತು ಡಾಕ್ಟ್ರೇ ಎಂದೆ. ಗೊತ್ತಿದ್ದೂ ಹಾಕ್ತಾರಾ ಎಂದು ಎರಡು ಸಲ ಕೇಳಿದರು. ಆಮೇಲೆ ಎದ್ದು ನೆಟ್ಟಗೆ ಲಾಂಡ್ರಿಗೆ ನಡೆದರು. ನನಗೆ ಮನಸ್ಸು ತಡೆಯಲಿಲ್ಲ. ಅಂಗಡಿಗೆ ಬೀಗ ಹಾಕಿ, ನಿನ್ನನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಹೋದೆ.

ಲಾಂಡ್ರಿಯ ತುಂಬ ಹಬೆ. ಅದರೊಳಗೆ ಇಬ್ಬರು ಗಂಡಸರು ಕಂಡೂ ಕಾಣದ ಹಾಗೆ ನಿಂತಿದ್ದರು. ಡಾಕ್ಟರು ಏನೇನೋ ಹೇಳಿದರು, ಕೈ ಮುಗಿದರು. ನಿಮ್ಮಪ್ಪ ಬಟ್ಟೆ ಹಿಂಡುತ್ತಲೇ ಇದ್ದರು. ಕೊನೆಗೆ ಹೇಳಿದ್ದು ಒಂದೇ ಮಾತು:

"ನಾಳೆಯಿಂದ ಸ್ವಲ್ಪ ಬೇಗ ಬನ್ನಿ ಡಾಕ್ಟ್ರೇ. ಒಂಬತ್ತಕ್ಕೆಲ್ಲ ಜನ ಬಂದು ಕಾಯ್ತಾ ಕೂತಿರ್ತಾರೆ."

ಡಾಕ್ಟರು ಮರುದಿನ ಎಂಟೂವರೆಗೆ ಬಂದರು. ಅದರ ಮರುದಿನವೂ. ಹತ್ತೊಂಬತ್ತು ವರ್ಷ ಹಾಗೆಯೇ ಬಂದರು, ಗುಬ್ಬಿ. ಆರು ವರ್ಷದ ಮೇಲೆ ಜ್ವರ ಮತ್ತೆ ಬಂದಾಗ ಹೆಂಡತಿ ಒಬ್ಬರೇ ಬಸ್ಸು ಹತ್ತಿದರು, ಇವರು ಗೇಟಿನಲ್ಲಿ ನಿಂತರು. ಆಗ ಊರೂ ಬೇರೆಯಾಗಿತ್ತು. ಕ್ಷೌರದಂಗಡಿಯವನು ರೋಗಿಗಳಿಗೆ ತಾನೇ ಊಟದ ಡಬ್ಬಿ ಹೊತ್ತು ತರುತ್ತಿದ್ದ. ಟೈಲರ್ ಅಕ್ಕ ಮನೆಯಲ್ಲಿದ್ದ ಬಿಳಿ ಬಟ್ಟೆಯನ್ನೆಲ್ಲ ಹೊಲಿದು ಕಳಿಸಿದಳು. ಎಲ್ಲರೂ ಅಲ್ಲ. ಮುಚ್ಚಿದ ಕಿಟಕಿಗಳು ಆಗಲೂ ಇದ್ದವು. ಮೊದಲಿಗಿಂತ ಕಡಿಮೆ, ಅಷ್ಟೇ.

ಈಗ ನಿನ್ನ ಪ್ರಶ್ನೆ. ಗೋಡೆಯ ಮೇಲಿನ ಮುಖದಿಂದ ಊರಿನ ಗುಣ ತಿಳಿಯುತ್ತದೆಯೇ? ತಿಳಿಯುತ್ತದೆ, ಆದರೆ ನೀನು ಅಂದುಕೊಂಡ ಹಾಗಲ್ಲ. ನಮ್ಮೂರು ಸುಳ್ಳನ್ನು ಗೋಡೆಗೆ ಹಾಕಿತು, ನಿಜ. ಹೇಡಿತನವನ್ನು ಮೆಚ್ಚಿ ಹಾಕಲಿಲ್ಲ. ತಾನು ಆಗದೇ ಹೋದದ್ದನ್ನು ತನ್ನಂಥವನೊಬ್ಬನ ಮುಖದಲ್ಲಿ ನೋಡಬೇಕು ಎಂದು ಹಾಕಿತು. ಆ ಬಡಪಾಯಿ ಮನುಷ್ಯ ಆ ಫೋಟೋಗೆ ತಕ್ಕವನಾಗಲು ಜೀವ ಸವೆಸಿದ. ಇದನ್ನು ಒಳ್ಳೆಯದು ಎನ್ನಲೋ ಅನ್ಯಾಯ ಎನ್ನಲೋ, ನನಗಿನ್ನೂ ಗೊತ್ತಿಲ್ಲ. ನಿನ್ನ ಇಪ್ಪತ್ತಾರು ಮಕ್ಕಳಿಗೆ ಬೈದು ಅಂಕ ಕಡಿಮೆ ಮಾಡಬೇಡ. ನಿಮಗೆ ಯಾರನ್ನು ಕಂಡರೆ ಭಯ ಎಂದು ಬರೆಸಿ ನೋಡು. ಹೊಡೆದಾಟ ಯಾಕೆ ಇಷ್ಟ ಎಂಬುದು ಆಗ ತಿಳಿದೀತು.

ಅಪ್ಪನ ಫೋಟೋದ ವಿಷಯ. ಅವರಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಕೈ ಯಾವಾಗಲೂ ಒದ್ದೆ, ಕೂದಲು ಯಾವಾಗಲೂ ಹಬೆಗೆ ಮೆತ್ತಿಕೊಂಡಿರುತ್ತಿತ್ತು. ಇರುವುದೊಂದೇ, ನೌಕರಿಯ ಗುರುತಿನ ಚೀಟಿಯದು. ತೀರ ಚಿಕ್ಕದು, ದೊಡ್ಡದು ಮಾಡಿಸಿದರೆ ಮುಖ ಮಸುಕಾಗುತ್ತದೆ. ಇಷ್ಟೇ ಕಾರಣ. ಅವರು ಹೋಗಿ ಇಷ್ಟು ವರ್ಷವಾದ ಮೇಲೆ ಇನ್ನೇನು ಬಿಡು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಭಾರ ಎತ್ತುವ ಕೆಲಸ ಮಾಡಬೇಡ, ಈ ತಿಂಗಳುಗಳಲ್ಲಿ ಜಾಗ್ರತೆ. ರಜೆಗೆ ಬಂದಾಗ ಅರ್ಧ ದಿನ ಈ ಅಂಗಡಿಯಲ್ಲಿ ನನ್ನ ಪಕ್ಕ ಕೂರು, ಸಾಕು.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ. ನೀನೂ ತಾಯಿಯಾಗುವವಳು, ಇದನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ನಲವತ್ತು ದಿನ ನಿಮ್ಮಪ್ಪ ಆಸ್ಪತ್ರೆಯಲ್ಲೇ ಉಳಿದರು ಎಂದು ನಿನಗೆ ಹೇಳಿಕೊಂಡು ಬಂದಿದ್ದೇನೆ. ಒಂಬತ್ತನೇ ದಿನ ಮಧ್ಯಾಹ್ನ ಮನೆಗೆ ಬಂದಿದ್ದರು. ಬಾಗಿಲು ತಟ್ಟಿದರು. ನಾನು ನಿನ್ನನ್ನು ಎದೆಗವಚಿಕೊಂಡು ಬಾಗಿಲ ಈಚೆ ನಿಂತಿದ್ದೆ, ಚಿಲಕ ತೆಗೆಯಲಿಲ್ಲ. ಮಗು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಬಾಗಿಲ ಸಂದಿಯಿಂದ ಅವರ ಚಪ್ಪಲಿಯ ನೆರಳು ಕಾಣುತ್ತಿತ್ತು. ಬಹಳ ಹೊತ್ತು ಕಾದ ಮೇಲೆ, ಬಹಳ ಹೊತ್ತಾದ ಮೇಲೆ ಗುಬ್ಬಿ, ಅವರು ಹೇಳಿದರು, "ತೆಗೀಬೇಡ" ಎಂದು.