ಹತ್ತು ಮಂದಿ ಸೂಚಕರು

ಬೋಳಾರ, ಮಂಗಳೂರು
ಮೇ 18, ಗುರುವಾರ

ಪ್ರೀತಿಯ ಸತ್ಯವತಿ ಟೀಚರಿಗೆ, ಫಾಯಿಝಾಳ ಸಲಾಂ.

ನನ್ನ ಬಾಪ ನಿಮಗೆ ಮೋಸ ಮಾಡಿದರು. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಹೇಳಲೇಬೇಕಾದ ಮಾತನ್ನು ಪತ್ರದ ಕೊನೆಗೆ ತಳ್ಳಬಾರದೆಂದು ಎಂಟನೇ ಕ್ಲಾಸಿನಲ್ಲಿ ಕಲಿಸಿದವರು ನೀವೇ.

ಬಾಪ ಮೊದಲಿನಿಂದ ಹೀಗಿರಲಿಲ್ಲ. ಪಂಪ್‌ವೆಲ್‌ನಲ್ಲಿ ಅವರದ್ದು ಪೈಪು, ನಳ್ಳಿಗಳ ಅಂಗಡಿ. ಯಾರ ಮನೆಯಲ್ಲಿ ನೀರು ನಿಂತರೂ ಸ್ಪ್ಯಾನರ್ ಹಿಡಿದು ತಾವೇ ಹೋಗುತ್ತಿದ್ದರು. ನಳ್ಳಿ ಸುತ್ತಿ ಕೊಡಲು ರದ್ದಿ ಕಾಗದ ತರುತ್ತಿದ್ದರಲ್ಲ, ಅದರಲ್ಲಿ ಯಾವುದೋ ಹಳೆಯ ಬೀಡಿ ಯೂನಿಯನ್ನಿನ ಕರಪತ್ರಗಳ ಕಟ್ಟೊಂದು ಬಂದಿತ್ತು. ನಾನು ಓದು ಕಲಿತದ್ದು ಶಾಲೆಯಲ್ಲಿ, ಸಿಟ್ಟು ಕಲಿತದ್ದು ಆ ಕಟ್ಟಿನಿಂದ. ಓದಿ ಮುಗಿಸುವವರೆಗೆ ಬಾಪ ಆ ಕಾಗದದಲ್ಲಿ ಒಂದು ನಳ್ಳಿಯನ್ನೂ ಸುತ್ತಲಿಲ್ಲ. ಅದನ್ನು ನಾನು ಮರೆಯಲಾರೆ. ಮರೆತಿದ್ದರೆ ಈ ಪತ್ರ ಬರೆಯುವುದು ಸುಲಭವಿತ್ತು.

ನಮ್ಮ ಅಂಗಡಿಯ ಹಿಂದಿನ ಮೂವತ್ತೆರಡು ಗೂಡಂಗಡಿಗಳನ್ನು ಎಬ್ಬಿಸಿ ಪಾರ್ಕಿಂಗ್ ಕಟ್ಟಡ ಕಟ್ಟುತ್ತಾರೆ ಎಂದಾಗ ಬಾಪ ಎದ್ದು ನಿಂತರು. ಕಟ್ಟುವ ಕಂಪನಿಯ ಯಜಮಾನರೇ ಚುನಾವಣೆಗೆ ನಿಂತಾಗ ಎದುರಿಗೆ ತಾವೂ ಪಕ್ಷೇತರರಾಗಿ ನಿಂತರು. ಪಕ್ಷೇತರರ ನಾಮಪತ್ರಕ್ಕೆ ಹತ್ತು ಮಂದಿ ಸೂಚಕರು ಸಹಿ ಹಾಕಬೇಕು. ಮೊದಲನೆಯದು ನನ್ನದು. ಚಾದ ಅಂಗಡಿಯ ಅಶ್ರಫಾಕ, ಮೊಬೈಲ್ ರಿಪೇರಿಯ ಡಿಯೋನ್, ರೊಟ್ಟಿ ಮಾರುವ ಝೈನಬ್ ಎಲ್ಲ ಹಾಕಿದರು. ಒಣಮೀನಿನ ಬೀಫಾತಿಮ್ಮ ಚುನಾವಣಾ ಅಧಿಕಾರಿಯ ಎದುರಿಗೇ ಹೆಬ್ಬೆಟ್ಟು ಒತ್ತಬೇಕಾಯಿತು. ಹಬ್ಬದ ಬುರ್ಖಾ ಹಾಕಿಕೊಂಡು ಬಂದಿದ್ದರು. ಹೊರಗೆ ಬಂದ ಮೇಲೆ ಶಾಯಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಬೇಡ, ಇವತ್ತು ಇದು ಇಲ್ಲೇ ಇರಲಿ ಎಂದರು.

ಕೊನೆಯ ಸಹಿ ನಿಮ್ಮದು. ನಿಮ್ಮ ಅಣ್ಣ ಚಕ್ರಪಾಣಿ ಭಟ್ಟರು, ಸಹಿ ಹಾಕಲಿಕ್ಕೆ ನಿನಗೆ ಬೇರೆ ಯಾರೂ ಸಿಗಲಿಲ್ಲವಾ ಎಂದು ಕೇಳಿದರಂತೆ. ಮೂವತ್ತು ವರ್ಷದಿಂದ ನನ್ನ ಮನೆಯ ನಳ್ಳಿ ರಿಪೇರಿಗೆ ಬಂದವರು ಅವರೊಬ್ಬರೇ, ನೀನು ಬಂದದ್ದುಂಟಾ ಎಂದಿರಂತೆ ನೀವು. ಈ ಮಾತು ಕೇಳಿ ಅಶ್ರಫಾಕನ ಅಂಗಡಿಯಲ್ಲಿ ಎಲ್ಲರೂ ನಕ್ಕೆವು. ಮುಂದಿನ ವಾರ ದೇವಸ್ಥಾನದವರು, ನೀವು ಪಾಠ ಮಾಡುತ್ತಿದ್ದ ಮಕ್ಕಳ ತರಗತಿಗೆ ಇನ್ನು ಬರಬೇಡಿ ಎಂದು ನಿಮಗೆ ಹೇಳಿ ಕಳಿಸಿದರು. ಆಗ ಯಾರೂ ನಗಲಿಲ್ಲ.

ನಾಮಪತ್ರ ಹಿಂದೆಗೆಯುವ ಕೊನೆಯ ದಿನ, ಮೂರು ಗಂಟೆಗೆ ಇಪ್ಪತ್ತು ನಿಮಿಷ ಇರುವಾಗ, ಬಾಪನ ಹೆಸರು ಹೋಯಿತು. ಸಹಿ ಹಾಕಿದ ನಮ್ಮಲ್ಲಿ ಯಾರನ್ನೂ ಅವರು ಕೇಳಲಿಲ್ಲ. ಊರಿಗೆಲ್ಲ ಎದೆನೋವು ಎಂದರು. ಮೊನ್ನೆ ಗೆದ್ದ ಆ ಕಂಪನಿ ಯಜಮಾನರ ಮೆರವಣಿಗೆಯಲ್ಲಿ ತೆರೆದ ಜೀಪಿನ ಮೇಲೆ ಹಾರ ಹಾಕಿಕೊಂಡು ನಿಂತಿದ್ದಾಗ ಆ ಎದೆಯಲ್ಲಿ ನೋವಿರಲಿಲ್ಲ. ಈಗ ಬಾಪ ಆ ಯಜಮಾನರ ಪಕ್ಷದ ವ್ಯಾಪಾರಿ ಘಟಕದ ಜಿಲ್ಲಾಧ್ಯಕ್ಷರು. ಫ್ಲೈಓವರಿನ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ನಗುತ್ತಿದ್ದಾರೆ. ಅದರ ಕೆಳಗೇ ನಿಂತು ಕಂಪನಿಯವರು ಗೂಡಂಗಡಿಗಳಿಗೆ ನೋಟಿಸು ಹಂಚಿದರು. ಸೋಮವಾರ ಬೆಳಿಗ್ಗೆ ಜೆಸಿಬಿ ಬರುತ್ತದೆ. ತಡೆಯಲು ನಮ್ಮಲ್ಲಿ ಎಂತದೂ ಇಲ್ಲ. ವಕೀಲರು ಕಾಗದ ನೋಡಿ ಹಾಗೆಯೇ ಮಡಚಿ ಕೊಟ್ಟರು.

ನಾನು ಮನೆಯಲ್ಲಿ ಜಗಳ ಮಾಡಿದೆ. ನಿನ್ನ ಕರಪತ್ರದಲ್ಲಿ, ನಮ್ಮ ಪೈಪಿನ ಗೋದಾಮಿಗೆ ಅವರು ಬೀಗ ಹಾಕಿಸಿದರೆ ಏನು ಮಾಡಬೇಕೆಂದು ಬರೆದುಂಟಾ ಎಂದು ಬಾಪ ಕೇಳಿದರು. ಬರೆದಿರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಹಿಂದೆಗೆಯುವ ಕಾಗದ ಕೊಡಲು ಬಾಪ ಹೋಗಿರಲಿಲ್ಲ, ಬೇರೆ ಯಾರೋ ಕೊಟ್ಟದ್ದು ಎಂದು ಚುನಾವಣಾ ಆಫೀಸಿನ ಜವಾನ ಅಶ್ರಫಾಕನಿಗೆ ಹೇಳಿದ್ದಾನೆ. ಅಭ್ಯರ್ಥಿ ಅಲ್ಲದಿದ್ದರೆ ಸೂಚಕರಿಂದಲೋ ಏಜೆಂಟರಿಂದಲೋ ಮಾತ್ರ ಅದನ್ನು ತೆಗೆದುಕೊಳ್ಳುತ್ತಾರಂತೆ. ಬಾಪನಿಗೆ ಏಜೆಂಟರು ಇರಲಿಲ್ಲ. ಹಾಗಾದರೆ ಹತ್ತರಲ್ಲಿ ಒಬ್ಬರು. ಅಂದಿನಿಂದ ಝೈನಬ್ ಡಿಯೋನನ ಜೊತೆ ಮಾತು ಬಿಟ್ಟಿದ್ದಾಳೆ. ನಿನ್ನೆ ಡಿಯೋನ್, ಟೀಚರೇ ಇರಬೇಕು ಮಾರಾಯ್ರೆ, ಅವರ ಅಣ್ಣ ಸುಮ್ಮನೆ ಬಿಟ್ಟಾರಾ ಎಂದ. ಬೀಫಾತಿಮ್ಮ ಅವನಿಗೆ ಬೈದರು. ಉಳಿದವರು ತಲೆ ತಗ್ಗಿಸಿ ಚಾ ಕುಡಿದರು. ಯಾರೆಂದು ಪತ್ತೆ ಮಾಡುವ ಕೆಲಸ ನನಗೇ ಒಪ್ಪಿಸಿದ್ದಾರೆ. ನೀನು ಓದಿದವಳು, ನ್ಯಾಯ ಬಿಡುವವಳಲ್ಲ ಎಂದರು.

ಅಂಗಡಿಗಳು ಹೋಗುತ್ತವೆ, ಟೀಚರ್. ನಿಮ್ಮ ಹೆಸರು ಅವುಗಳ ಜೊತೆ ಹೋಗಬಾರದು.

ನಿಮ್ಮ ವಿದ್ಯಾರ್ಥಿನಿ,
ಫಾಯಿಝಾ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕಾಗದ ಕೊಟ್ಟದ್ದು ನಾನು. ಬಾಪ ಅಂಗಡಿಯ ಹಿಂದೆ ಕರೆದು ಕವರ್ ಕೊಟ್ಟರು, ನನಗೆ ಅಲ್ಲಿಗೆ ಹೋಗುವ ಮುಖ ಇಲ್ಲ, ದಯವಿಟ್ಟು ಎಂದರು. ಬಾಪ ನನಗೆ ದಯವಿಟ್ಟು ಅಂದದ್ದು ಅದೇ ಮೊದಲು. ಕವರ್ ಅಂಟಿಸಿರಲಿಲ್ಲ. ಆಟೋದಲ್ಲಿ ಎರಡು ಸಲ ಓದಿದೆ. ಹಂಪನಕಟ್ಟೆಯಲ್ಲಿ ಇಳಿದುಬಿಡಬಹುದಿತ್ತು, ಸಮಯವಿತ್ತು. ನೀವು ಸೂಚಕರಾ ಎಂದು ಅಧಿಕಾರಿ ಕೇಳಿದಾಗ ಹೌದು ಎಂದೆ. ನಿನ್ನೆ ಡಿಯೋನ್ ನಿಮ್ಮ ಹೆಸರು ಹೇಳಿದಾಗ ತಲೆ ತಗ್ಗಿಸಿ ಚಾ ಕುಡಿದವರಲ್ಲಿ ನಾನೂ ಒಬ್ಬಳು. ಒಂಬತ್ತು ಮಂದಿಯ ಎದುರು ಇದನ್ನು ಬಾಯಿಬಿಟ್ಟು ಹೇಳುತ್ತೇನೆ, ಆದರೆ ನೀವು ಅಲ್ಲಿ ಇರಬೇಕು. ಅಂಗಡಿ ಬೀಳುವ ಮೊದಲಿನ ಕೊನೆಯ ಚಾ. ಅಶ್ರಫಾಕನಲ್ಲಿ, ಆದಿತ್ಯವಾರ, ಸಂಜೆ ನಾಲ್ಕೂವರೆಗೆ.