ರಸ್ತೆಗೆ ಮುಖ ಮಾಡಿದ ಬಾಗಿಲು

ಮಾನ್ಯ ನೈರ್ಮಲ್ಯ ಅಧಿಕಾರಿಗಳೇ,

ನಮ್ಮ ಮನೆಗೆ ಮೊದಲ ಸಲ ಶೌಚಾಲಯ ಬಂತು. ಅದರ ಬಾಗಿಲನ್ನು ತಾವು ರಸ್ತೆ ಕಡೆಗೆ ಇಡಿಸಿದಿರಿ. ಅದರಿಂದಾಗಿ ನಮ್ಮ ಅತ್ತೆ ಆಸ್ಪತ್ರೆ ಸೇರಿದ್ದಾರೆ.

ಗಾರೆಯವನು ಪಾಪ, ಬಾಗಿಲನ್ನು ಹಿತ್ತಲ ಕಡೆಗೇ ಇಡಲು ಹೊರಟಿದ್ದ. ಅಷ್ಟರಲ್ಲಿ ತಮ್ಮ ಆದೇಶ ಬಂತು: ಬಾಗಿಲ ಮೇಲೆ ಬರೆದ ಯೋಜನೆಯ ನಂಬರ್ ತಪಾಸಣೆಗೆ ಬಂದು ಜೀಪಿನಲ್ಲಿ ಕೂತವರಿಗೆ ಕಾಣಬೇಕು. ನ್ಯಾಯವೇ. ಇಳಿದು ಬಂದು ನೋಡಿದರೆ ಬೂಟಿಗೆ ಮಣ್ಣಾಗುವುದಿಲ್ಲವೇ? ಒಬ್ಬ ಮುದುಕಿಯ ಮಾನ ಹೋದರೆ ಹೋಗಲಿ, ತಮ್ಮ ಬೂಟಿನ ಪಾಲಿಶ್ ಹೋಗಬಾರದು.

ನಮ್ಮೆದುರಿಗೆ ಚಹಾ ಅಂಗಡಿ. ಅದರ ಬೆಂಚು ನಮ್ಮ ಶೌಚಾಲಯದ ಬಾಗಿಲಿಗೆ ನೇರ. ಮಂಡಿ ನೋವಿನ ಅತ್ತೆ, ಪೊದೆ ಹುಡುಕಿಕೊಂಡು ಇಳಿಜಾರು ಇಳಿಯುವ ಪಾಡು ತಪ್ಪಿತೆಂದು ಮೊದಲ ದಿನ ಸಂಭ್ರಮದಿಂದಲೇ ಒಳಗೆ ಹೋದರು. ಹೊರಬಂದಾಗ ಬೆಂಚಿನಿಂದ ಒಬ್ಬ, "ಏನಜ್ಜಿ, ಇಷ್ಟೊತ್ತು? ಒಳಗೇ ನಿದ್ದೆ ಹೋದ್ರಾ?" ಎಂದ. ಉಳಿದವರು ಚಹಾ ಚೆಲ್ಲಿಕೊಂಡು ನಕ್ಕರು. ಅಂದಿನಿಂದ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟರು. "ಕುಡಿದ್ರೆ ತಾನೇ ಅಲ್ಲಿಗೆ ಹೋಗ್ಬೇಕು," ಎಂದು ಲೋಟ ಪಕ್ಕಕ್ಕೆ ಸರಿಸುತ್ತಿದ್ದರು.

ನಾನು ಹೊಲಿಗೆಯವಳು. ದಪ್ಪ ಬಟ್ಟೆಯ ಪರದೆ ಹೊಲಿದು ಬಾಗಿಲ ಮುಂದೆ ಕಟ್ಟಿದೆ. ನಂಬರ್ ಮುಚ್ಚಿಹೋಯಿತೆಂದು ತಾವು ಚಾಲಕನಿಂದ ಅದನ್ನು ಕೀಳಿಸಿದಿರಿ. ಆಗಲೂ ಇಳಿಯಲಿಲ್ಲ. "ಹೆಂಗಸರಿಗೆ ಕಷ್ಟ ಆಗುತ್ತೆ ಸಾರ್," ಎಂದೆ. "ಒಳಗೆ ಹೋಗಿ ಕಳ್ಳತನ ಮಾಡ್ತೀರಾ? ಮರೆ ಯಾಕೆ ಬೇಕು?" ಎಂದು ಗಾಜು ಏರಿಸಿಕೊಂಡಿರಿ. ಆ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದೀರಲ್ಲ ಸಾರ್, ಅದರ ಹಿಂದೆ ಕೂತು ತಾವು ಏನು ಕದಿಯುತ್ತೀರಿ?

ಕಳೆದ ವಾರ ಅತ್ತೆಗೆ ಉರಿಮೂತ್ರ, ಚಳಿಜ್ವರ. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ವೈದ್ಯೆ. ಔಷಧಿ ಹಿಡಿಯಿತು, ಜ್ವರ ಇಳಿಯಿತು. ಇನ್ನು ಮನೆಗೆ ಹೋಗಬಹುದು ಎಂದಾಗ ಅತ್ತೆ ಮಂಚದ ಸರಳು ಹಿಡಿದು ಕೂತುಬಿಟ್ಟರು. "ಇಲ್ಲಿ ಕಕ್ಕಸು ಒಳಗಡೆ ಇದೆ, ಹೋಗೋದು ಬರೋದು ಯಾರಿಗೂ ಕಾಣಲ್ಲ. ನಂಗೆ ಇನ್ನೊಂದು ಕಾಯಿಲೆ ಏನಾದ್ರೂ ಇದೆಯಾ ನೋಡಮ್ಮಾ," ಎಂದು ವೈದ್ಯೆಯನ್ನು ಬೇಡಿಕೊಂಡರು. ವಾರ್ಡಿನವರೆಲ್ಲ ನಕ್ಕರು.

ನನ್ನ ಬೇಡಿಕೆ ಸಣ್ಣದು: ನಾಳೆ ನಮ್ಮ ಬೀದಿಗೆ ಬರಬೇಡಿ. ಗಾರೆಯವನನ್ನು ಕರೆಸಿದ್ದೇನೆ. ರಸ್ತೆ ಕಡೆ ಗೋಡೆ ಎಬ್ಬಿಸಿ, ಹಿತ್ತಲ ಕಡೆ ಹೊಸ ಬಾಗಿಲು ಇಡುತ್ತಾನೆ. ಕಿತ್ತ ಬಾಗಿಲು ನಂಬರಿನ ಸಮೇತ ಕೈಗಾಡಿಯಲ್ಲಿ ತಮ್ಮ ಕಚೇರಿಗೆ ಬರುತ್ತದೆ. ಮೇಜಿನೆದುರು ಒರಗಿಸಿಟ್ಟುಕೊಂಡು ದಿನವೂ ತಪಾಸಣೆ ಮಾಡಿ. ಇನ್ನು ತಾವು ಜೀಪು ಹತ್ತುವ ಕಷ್ಟವೂ ಇಲ್ಲ.

ಇದನ್ನು ಅತ್ತೆಗೆ ಹೇಳಿದೆ. ಅವರು ಕೈಚಾಚಿ ನೀರು ಕೇಳಿದರು.

ಇಂತಿ,
ತಮ್ಮ ನಂಬರಿನ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ ಮನೆಯ ಸೊಸೆ