ಸಾಂಬ್ರಾಣಿ ಕಾಡಿನ ಸಾಕ್ಷಿ

ಸಿಗಂಬಿರಿ
ಮಾರ್ಚ್ ಒಂಬತ್ತು, ಭಾನುವಾರ

ಲಮ್ರಿಯಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗುರುತು ಕಾಣುತ್ತದೆ. ಕಾಣಲಿ.

ಜೈಲಿನಿಂದ ನಾನು ಬಂದು ವಾರಗಳಾದವು. ಇಳಿಜಾರಿನ ಆಚೆಗೇ ನಿನ್ನ ಮನೆ, ಆದರೂ ನೀನು ಬರಲಿಲ್ಲ. ನಿನ್ನ ಅಣ್ಣ ಮಾತ್ರ ದಿನಾ ಸಂಜೆ ನಿನ್ನಲ್ಲಿಗೆ ಹೋಗಿ ಬರುತ್ತಾರೆ. ರೊಮೌಲಿ ಮೇದಾನ್ ನಗರದ ಹೊಲಿಗೆ ಅಂಗಡಿಯಲ್ಲಿ ಚೆನ್ನಾಗಿದ್ದಾಳಂತೆ. ಮಗಳ ಸುದ್ದಿ ನನಗೆ ಅವರ ಬಾಯಿಂದಲೇ ಬರಬೇಕು.

ಇವತ್ತು ಚರ್ಚಿಗೆ ಹೋಗಿದ್ದೆ. ನಾನು ಕೂತ ಬೆಂಚಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಾಗವಿತ್ತು. ಪಾದ್ರಿಗಳು ಪ್ರಸಂಗದಲ್ಲಿ, ‘ಯೇಸು ನಮ್ಮನ್ನ ಬಿಡಿಸೋಕೆ ಬಂದದ್ದು ಪಾಪದಿಂದ, ಕಂಪನಿಯಿಂದ ಅಲ್ಲ’ ಎಂದರು. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಮುಂದಿನ ಸಾಲಿನಿಂದ ಒಂದು ‘ಆಮೆನ್’ ಎಲ್ಲರಿಗಿಂತ ಮೊದಲು ಬಂತು. ಅದು ನಿನ್ನ ದನಿ. ಅದಕ್ಕೇ ಮನೆಗೆ ಬಂದವಳು ಬಟ್ಟೆ ಕೂಡ ಬದಲಿಸದೆ ಬರೆಯಲು ಕೂತಿದ್ದೇನೆ.

ನೀನು ಬೈಬಲ್ ಶಾಲೆ ಮುಗಿಸಿ ಬಿಳಿ ರವಿಕೆ ತೊಟ್ಟು ಊರಿಗೆ ಬಂದ ಕಾಲ ನೆನಪಿದೆಯೇ? ನಾವು ಸಾಂಬ್ರಾಣಿಯಿಂದ ತೊಗಟೆಯ ಚೂರು ಬಿಡಿಸುತ್ತಾ ಕೂತಿದ್ದರೆ ನೀನು ನಡುವೆ ಕೂತು ಓದುತ್ತಿದ್ದೆ. ಕೈಯೆಲ್ಲ ಅಂಟಾಗಿರುತ್ತಿದ್ದ ನಮಗೆ ಪುಟ ಮುಟ್ಟಲು ನೀನು ಬಿಡುತ್ತಿರಲಿಲ್ಲ. ‘ಅತ್ತಿಗೆ, ಐಗುಪ್ತದಲ್ಲಿ ಗುಲಾಮರಾಗಿ ಇಟ್ಟಿಗೆ ಹೊರೋರಿಗೆ ದೇವರು, ಸಹಿಸ್ಕೊಳ್ಳಿ, ಸತ್ತ ಮೇಲೆ ನೋಡೋಣ ಅಂದ್ನಾ? ಏಳಿ, ಹೊರಡಿ ಅಂದ’ ಎಂದು ನೀನು ಹೇಳಿದ ದಿನ ನನಗೆ ಮೈ ಜುಮ್ಮೆಂದಿತ್ತು. ಹಾಗಾದರೆ ಆತ್ಮದ ಬಿಡುಗಡೆ ಎಂದರೇನು ಎಂದು ಕೇಳಿದ್ದೆ. ನೀನು ನಕ್ಕು, ‘ಹೊಟ್ಟೆನೂ ಇಲ್ಲ, ಮಣ್ಣೂ ಇಲ್ಲ, ಬರೀ ಆತ್ಮ ಅನ್ನೋದು ಎಲ್ಲಾದ್ರೂ ಸಿಕ್ಕಿದ್ರೆ ಕರ್ಕೊಂಡ್ಬಾ ಅತ್ತಿಗೆ, ಅದಕ್ಕೂ ಒಂದು ಪ್ರಾರ್ಥನೆ ಮಾಡಿ ಕಳಿಸೋಣ’ ಎಂದಿದ್ದೆ.

ನಾನು ಆ ಮಾತನ್ನು ನಂಬಿದೆ. ನಮ್ಮ ಅಜ್ಜಂದಿರು ನೆಟ್ಟ ಸಾಂಬ್ರಾಣಿ ಮರಗಳನ್ನು ಕಡಿದು ನೀಲಗಿರಿ ಹಾಕಲು ಕಂಪನಿಯ ಯಂತ್ರ ಬಂದಾಗ ನಿನ್ನ ಪಕ್ಕದಲ್ಲಿ ನಿಂತೆ. ನೀನು ಕೀರ್ತನೆ ಎತ್ತಿದೆ, ನಾವು ಹೆಂಗಸರು ದನಿಗೂಡಿಸಿದೆವು. ಯಂತ್ರ ನಿಲ್ಲಲಿಲ್ಲ. ಮೊದಲ ಮರ ಉರುಳಿತು. ಆಮೇಲೆ ಎಲ್ಲಿಂದಲೋ ಒಂದು ಕಲ್ಲು ಬಂತು, ಯಂತ್ರ ನಡೆಸುವವನ ಹಣೆ ಒಡೆಯಿತು. ಆ ಗದ್ದಲದಲ್ಲಿ ಯಾರು ಎಸೆದರೋ, ಯಾರು ನೋಡಿದರೋ. ಪೊಲೀಸರು ಬಂದು ಹಿಡಿದದ್ದು ನನ್ನನ್ನು.

ನಿನ್ನನ್ನು ಸಾಕ್ಷಿಗೆ ಕರೆದಾಗ ನನಗೆ ಎಷ್ಟು ಧೈರ್ಯ ಬಂದಿತ್ತು ಗೊತ್ತೆ? ಅದೇ ಬಿಳಿ ರವಿಕೆ. ನೀನು ಬೈಬಲ್ ಮುಂದೆ ಕೈಯೆತ್ತಿ, ‘ಕಲ್ಲು ಹೊಡೆದದ್ದು ನಮ್ಮತ್ತಿಗೆನೇ. ಕಣ್ಣಾರೆ ನೋಡಿದೀನಿ’ ಎಂದೆ. ಸರಿಯಾಗಿ ನೋಡಿದೆಯಾ ಎಂದು ನ್ಯಾಯಾಧೀಶರು ಮತ್ತೆ ಕೇಳಿದರು. ಸರಿಯಾಗಿಯೇ ನೋಡಿದ್ದೇನೆ ಎಂದೆ. ನನ್ನ ವಕೀಲರು ಮೊಣಕೈಯಿಂದ ತಿವಿದು, ‘ಏನಾದ್ರೂ ಹೇಳಮ್ಮ’ ಎಂದರು. ನಾನು ನಿನ್ನನ್ನೇ ನೋಡುತ್ತಿದ್ದೆ, ನೀನು ಕಿಟಕಿ ನೋಡುತ್ತಿದ್ದೆ.

ಅಷ್ಟಾದ ಮೇಲೂ ನೀನು ಪ್ರಾರ್ಥನಾ ಗುಂಪಿನ ಜೊತೆ ಜೈಲಿಗೆ ಬಂದೆಯಲ್ಲ, ಅದನ್ನು ನಾನು ಸಾಯುವವರೆಗೂ ಮರೆಯಲಾರೆ. ಕಂಬಿಯ ಆಚೆ ನಿಂತು, ‘ದೇಹಕ್ಕೆ ಬೀಗ ಹಾಕ್ಬಹುದು ಅತ್ತಿಗೆ, ಆತ್ಮಕ್ಕೆ ಹಾಕೋಕಾಗುತ್ತಾ? ಕ್ರಿಸ್ತನಲ್ಲಿ ನೀನು ಸ್ವತಂತ್ರಳು’ ಎಂದೆ. ನೀನು ಹೋದ ಮೇಲೆ ನನ್ನ ಜೊತೆಗಿದ್ದ ನೂರ್‌ಹಯಾತಿ, ‘ನಿನ್ನ ನಾದಿನಿ ಸ್ವರ್ಗದ ಬೀಗದ ಕೈ ತಂದ್ಲು, ಈ ಬಾಗಿಲಿಂದು ಮನೇಲೇ ಬಿಟ್ಟು ಬಂದ್ಲಾ?’ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನೀನು ಹೇಳಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ, ಲಮ್ರಿಯಾ. ಅಲ್ಲಿ ಎಷ್ಟೋ ಬೆಳಗ್ಗೆ ಒಬ್ಬಳೇ ಪ್ರಾರ್ಥಿಸುವಾಗ ಗೋಡೆ ಇಲ್ಲವೇನೋ ಅನ್ನಿಸಿದ್ದುಂಟು. ಆದರೆ ಅದನ್ನು ಹೇಳಬೇಕಾದವಳು ಒಳಗಿದ್ದ ನಾನು. ನನ್ನನ್ನು ಒಳಗೆ ತಳ್ಳಿದವಳು ಹೊರಗೆ ನಿಂತು ಅದನ್ನು ಹೇಳಬಾರದು.

ಗುರುವಾರ ನಿನ್ನ ಪ್ರಾರ್ಥನಾ ಕೂಟಕ್ಕೆ ನಾನು ಬರುವುದಿಲ್ಲ. ಅದೇ ಹೊತ್ತಿಗೆ ನನ್ನ ಅಂಗಳದಲ್ಲಿ ಬೈಬಲ್ ಓದುತ್ತೇನೆ. ಬರುತ್ತೇವೆ ಎಂದು ಕೆಲವರು ಬಾವಿಯ ಹತ್ತಿರ ಪಿಸುಗುಟ್ಟಿದ್ದಾರೆ. ಯಾರೂ ಬಾರದಿದ್ದರೆ ಕೋಳಿಗಳು ಕೇಳಲಿ.

ಇಂತಿ,
ತಿಯಾರ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಕಲ್ಲು ಎಸೆದದ್ದು ರೊಮೌಲಿ. ಅವಳ ಕೈ ಬೀಸಿದ್ದನ್ನು ನಾನು ನೋಡಿದ್ದೆ. ನೀನೂ ನೋಡಿದ್ದೆ. ಅವಳ ಹೆಸರು ಪೊಲೀಸರಿಗೆ ಸಿಗುವ ಮೊದಲು ಅತ್ತಿಗೆಯ ಹೆಸರು ಹೇಳು ಎಂದು ನಿನ್ನನ್ನು ಬೇಡಿಕೊಂಡದ್ದು ನಿನ್ನ ಅಣ್ಣ. ನಿನ್ನೆ ಊಟಕ್ಕೆ ಕೂತಾಗ ಅವರೇ ಬಾಯಿಬಿಟ್ಟರು. ‘ಮಗಳು ಉಳಿದ್ಲಲ್ಲ, ಇನ್ನೇನು ಬೇಕು ನಿಂಗೆ?’ ಎಂದರು. ಉಳಿದಳು, ನಿಜ. ಆದರೆ ಅವತ್ತು ನಾನು ಕೋರ್ಟಿಗೆ ಬಂದದ್ದೇ ‘ಎಸೆದದ್ದು ನಾನು’ ಎಂದು ಹೇಳಲಿಕ್ಕೆ. ವಕೀಲರಿಗೂ ತಿಳಿಸಿರಲಿಲ್ಲ. ನಾನು ಏಳುವ ಮೊದಲೇ ನಿನ್ನನ್ನು ಕರೆದರು. ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ತಾನಾಗಿಯೇ ಕೊಟ್ಟೆ ಎಂದು ಯೇಸು ಹೇಳಿದ್ದನ್ನು ನನಗೆ ಓದಿ ತೋರಿಸಿದವಳು ನೀನು. ನನ್ನ ಮಗಳಿಗೆ ನಾನಾಗಿ ಕೊಡಲು ಹೊರಟಿದ್ದನ್ನು ನೀವು ಅಣ್ಣ ತಂಗಿ ನನ್ನ ಕೈಯಿಂದ ಕಿತ್ತುಕೊಂಡು ಕೊಟ್ಟಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ರೊಮೌಲಿ ನನ್ನ ಫೋನ್ ಎತ್ತುವುದಿಲ್ಲ. ನಿನ್ನದನ್ನು ಎತ್ತುತ್ತಾಳಂತೆ. ಅಮ್ಮನಿಗೆ ನಿನ್ನ ಮೇಲೆ ಕೋಪವಿಲ್ಲ, ಊರಿಗೆ ಬಾ ಎಂದು ಅವಳಿಗೆ ಹೇಳು. ಇದನ್ನು ನನ್ನ ಹೆಸರಿನಲ್ಲಿ ಹೇಳಲು ನನ್ನ ಒಪ್ಪಿಗೆಯಿದೆ.